ಹೊರದೇಶದ ಎಂ.ಎಸ್.ಗೆ ಅರ್ಜಿ: ಹಾಸನ, ಚಿಕ್ಕಮಗಳೂರಿನವರು ಮೊದಲು ಮಾಡಬೇಕಾದ ನಿಧಾನದ ಕೆಲಸಗಳು

ಹೊರದೇಶದಲ್ಲಿ ಎಂ.ಎಸ್. ಅಥವಾ ಪಿಎಚ್.ಡಿ. ಮಾಡಬೇಕು ಎಂದು ಮನಸ್ಸು ಮಾಡಿದ ವಾರದಲ್ಲೇ ಹೆಚ್ಚಿನವರು ಜಿಆರ್‌ಇ (ಹೊರದೇಶದ ಮಾಸ್ಟರ್ಸ್, ಪಿಎಚ್.ಡಿ. ಪ್ರವೇಶಕ್ಕೆ ಬರೆಯುವ ಪರೀಕ್ಷೆ) ಪುಸ್ತಕ ತರುತ್ತಾರೆ. ಪುಸ್ತಕ ಆಮೇಲೆ ತರಬಹುದು. ಮೊದಲು ಬೀರುವಿನಿಂದ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತೆಗೆಯಿರಿ. ಅದರಲ್ಲಿರುವ ಹೆಸರನ್ನು ಆಧಾರ್, ಪಾಸ್‌ಪೋರ್ಟ್ ಮತ್ತು ಡಿಗ್ರಿ ಮಾರ್ಕ್ಸ್ ಕಾರ್ಡುಗಳ ಹೆಸರಿನ ಜೊತೆ ಅಕ್ಷರ ಬಿಡದೆ ತಾಳೆ ನೋಡಿ. ಅಪ್ಪನ ಹೆಸರನ್ನೂ ಹಾಗೆಯೇ ನೋಡಿ. ಈ ಎರಡು ಜಿಲ್ಲೆಗಳ ಹುಡುಗ ಹುಡುಗಿಯರು ಅಂಕ ಸಾಲದೆ ನಿಲ್ಲುವುದು ಕಡಿಮೆ, ಕಾಗದಪತ್ರ ಹೊಂದದೆ ನಿಲ್ಲುವುದೇ ಹೆಚ್ಚು. ಪರೀಕ್ಷೆಗೆ ಎರಡು ಮೂರು ತಿಂಗಳು ಓದಿದರೆ ಆಯಿತು. ಸಾಲಕ್ಕೆ ಅಡಮಾನ ಇಡಬೇಕಾದ ಮನೆಯ ಖಾತೆ ತಾತನ ಹೆಸರಿನಲ್ಲೇ ಉಳಿದಿದ್ದರೆ, ಅದು ಅಪ್ಪನ ಹೆಸರಿಗೆ ಬರಲು ಅಷ್ಟು ದಿನ ಸಾಲದು. ಆದ್ದರಿಂದ ಎಲ್ಲದಕ್ಕೂ ಒಂದೇ ನಿಯಮ: ಯಾವುದು ನಿಧಾನವೋ ಅದನ್ನು ಮೊದಲು ಶುರುಮಾಡಿ.

ಆಗಸ್ಟ್–ಸೆಪ್ಟೆಂಬರಿನಲ್ಲಿ ತರಗತಿ ಶುರುವಾಗುವ ಕೋರ್ಸ್ ಬೇಕೆಂದರೆ ಹಿಂದಿನ ವರ್ಷದ ಮೇ–ಜೂನ್ ತಿಂಗಳಲ್ಲೇ ಕೆಲಸ ಶುರುವಾಗಿರಬೇಕು. ಇಂಜಿನಿಯರಿಂಗ್ ಓದುತ್ತಿರುವವರಿಗೆ ಇದು ಸುಮಾರಾಗಿ ಆರನೇ ಸೆಮಿಸ್ಟರಿನ ಕೊನೆ.

ಹೆಸರಿನ ಇನಿಷಿಯಲ್

ನಮ್ಮ ಕಡೆ ಸರ್‌ನೇಮ್ ಇಟ್ಟುಕೊಳ್ಳುವ ರೂಢಿ ಇಲ್ಲ. ಊರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ, ಜೊತೆಗೆ ಇಟ್ಟ ಹೆಸರು. ಉದಾಹರಣೆಗೆ ಎಸ್ಸೆಸ್ಸೆಲ್ಸಿಯಲ್ಲಿ 'ಚೇತನ್ ಎಚ್ ಎಂ' ಎಂದಿದೆ ಎಂದುಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು: ಹಳೇಬೀಡು ಮಂಜೇಗೌಡ. ಇಲ್ಲಿ ಅನೇಕರು ಮೂರೂ ಪದಗಳನ್ನು 'ಗಿವನ್ ನೇಮ್' ಜಾಗಕ್ಕೆ ತುಂಬಿ, ಸರ್‌ನೇಮ್ ಜಾಗವನ್ನು ಖಾಲಿ ಬಿಡುತ್ತಾರೆ. ಇದರ ಫಲ ಅಮೆರಿಕದ ವೀಸಾದಲ್ಲಿ ಕಾಣುತ್ತದೆ. ಅಲ್ಲಿ ಸರ್‌ನೇಮ್ ಖಾಲಿ ಇರುವಂತಿಲ್ಲವಾದ್ದರಿಂದ ಇಡೀ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬೀಳುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು. ಅಲ್ಲಿಂದ ಮುಂದೆ ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್, ಸಂಬಳದ ಚೀಟಿ ಎಲ್ಲದರಲ್ಲೂ ಅದೇ ಹಿಂಬಾಲಿಸುತ್ತದೆ.

ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲದಿದ್ದರೆ ಇದು ಸುಲಭ: ಗಿವನ್ ನೇಮ್ 'ಚೇತನ್', ಸರ್‌ನೇಮ್ 'ಹಳೇಬೀಡು ಮಂಜೇಗೌಡ' ಅಥವಾ ಬರೀ 'ಮಂಜೇಗೌಡ'. ಆಗಲೇ ಸರ್‌ನೇಮ್ ಖಾಲಿ ಇರುವ ಪಾಸ್‌ಪೋರ್ಟ್ ಇದ್ದರೆ ಯಾವ ಪರೀಕ್ಷೆಗೂ ಹೆಸರು ನೋಂದಾಯಿಸುವ ಮುಂಚೆ ಮರುವಿತರಣೆಗೆ ಅರ್ಜಿ ಹಾಕಿ. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ. ಹಾಸನದಲ್ಲಿ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಇರುವುದರಿಂದ ಬೆಂಗಳೂರಿಗೆ ಓಡಬೇಕಿಲ್ಲ. ಹಾಸ್ಟೆಲಿನಲ್ಲಿದ್ದುಕೊಂಡು ಮೂಡಿಗೆರೆಯ ಮನೆ ವಿಳಾಸ ಕೊಟ್ಟರೆ ಪೊಲೀಸ್ ಪರಿಶೀಲನೆ ಮೂಡಿಗೆರೆ ಠಾಣೆಯಿಂದ ಬರುತ್ತದೆ. ಆ ವಾರ ಊರಿನಲ್ಲಿರಿ.

ಇಲ್ಲಿಂದ ಮುಂದೆ ಜಿಆರ್‌ಇ, ಐಇಎಲ್‌ಟಿಎಸ್ (ಇಂಗ್ಲಿಷ್ ಭಾಷಾ ಪರೀಕ್ಷೆ), ಅರ್ಜಿ, ವೀಸಾ ಎಲ್ಲಕ್ಕೂ ಪಾಸ್‌ಪೋರ್ಟಿನ ಹೆಸರೇ ಹೆಸರು. ಪರೀಕ್ಷಾ ಕೇಂದ್ರದಲ್ಲಿ ಹೆಸರು ಹೊಂದದಿದ್ದರೆ ಒಳಗೆ ಬಿಡುವುದಿಲ್ಲ, ಕಟ್ಟಿದ ಹಣವೂ ವಾಪಸ್ ಇಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹಾಗೆಯೇ ಇದ್ದರೆ ಅದನ್ನು ತಿದ್ದಿಸಲು ಹೋಗಿ ವರ್ಷ ಕಳೆಯಬೇಡಿ. 'ಎರಡೂ ಹೆಸರಿನವರು ಒಬ್ಬರೇ' ಎಂಬ ನೋಟರಿ ಅಫಿಡವಿಟ್ ಮಾಡಿಸಿ ಇಂಗ್ಲಿಷಿನಲ್ಲಿ ಒಂದು ಪ್ರತಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ, ಬಹುತೇಕ ಕಡೆ ಸಾಕಾಗುತ್ತದೆ.

ಟ್ರಾನ್ಸ್‌ಕ್ರಿಪ್ಟ್

ಟ್ರಾನ್ಸ್‌ಕ್ರಿಪ್ಟ್ ಎಂದರೆ ಎಲ್ಲ ಸೆಮಿಸ್ಟರಿನ ಅಂಕಗಳನ್ನು ಒಟ್ಟಿಗೆ ತೋರಿಸುವ ಅಧಿಕೃತ ಪಟ್ಟಿ. ಅದನ್ನು ಕೊಡುವುದು ಪರೀಕ್ಷೆ ನಡೆಸಿದ ಸಂಸ್ಥೆ. ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಂಥ ಸ್ವಾಯತ್ತ ಕಾಲೇಜಿನಲ್ಲಿ ಗ್ರೇಡ್ ಕಾರ್ಡ್, ಟ್ರಾನ್ಸ್‌ಕ್ರಿಪ್ಟ್ ಎರಡಕ್ಕೂ ಕಾಲೇಜಿನ ಪರೀಕ್ಷಾ ವಿಭಾಗಕ್ಕೇ ಹೋಗಬೇಕು, ಪದವಿ ಪ್ರಮಾಣಪತ್ರ ಮಾತ್ರ ವಿಟಿಯುನಿಂದ (ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಬರುತ್ತದೆ. ವಿಟಿಯು ತಾನೇ ಪರೀಕ್ಷೆ ನಡೆಸುವ ಕಾಲೇಜಾದರೆ ಬೆಳಗಾವಿಗೆ ಅರ್ಜಿ. ಬಿ.ಎಸ್‌ಸಿ., ಬಿ.ಕಾಂ. ಓದಿದವರು ಮಾರ್ಕ್ಸ್ ಕಾರ್ಡಿನ ತಲೆಯ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆ ನೋಡಿ: ಚಿಕ್ಕಮಗಳೂರಿನ ಕಡೆಯವರಿಗೆ ಶಂಕರಘಟ್ಟದ ಕುವೆಂಪು, ಹಾಸನದ ಹಳೆಯ ಬ್ಯಾಚುಗಳಿಗೆ ಮೈಸೂರು, ಈಚಿನವರಿಗೆ ಹಾಸನ ವಿ.ವಿ. ಕಾಲೇಜು ಈಗ ಯಾರ ಕೆಳಗಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಕಾರೆಕೆರೆಯ ಕೃಷಿ ಕಾಲೇಜಿನ ಹಳೆಯ ಬ್ಯಾಚುಗಳಿಗೆ ಬೆಂಗಳೂರು ಕೃಷಿ ವಿ.ವಿ., ಪಶುವೈದ್ಯಕೀಯ ಕಾಲೇಜಿನವರಿಗೆ ಬೀದರಿನ ಪಶುವೈದ್ಯಕೀಯ ವಿ.ವಿ.

ಒಂದೇ ಸಲಕ್ಕೆ ನಾಲ್ಕೈದು ಪ್ರತಿ, ಪ್ರತಿಯೊಂದೂ ಪ್ರತ್ಯೇಕ ಲಕೋಟೆಯಲ್ಲಿ, ಅಂಟಿಸಿದ ಮಡಿಕೆಯ ಮೇಲೆ ಸಹಿ–ಮೊಹರು ಇರುವಂತೆ ಕೇಳಿ. ಅರ್ಜಿಯ ಹಂತದಲ್ಲಿ ಸ್ಕ್ಯಾನ್ ಸಾಕು, ಆದರೆ ಸೀಟು ಸಿಕ್ಕ ಮೇಲೆ ಮುಚ್ಚಿದ ಲಕೋಟೆಯೇ ಬೇಕು ಎನ್ನುವ ವಿ.ವಿ.ಗಳು ಇವೆ. ಲಕೋಟೆಯನ್ನು ಕುತೂಹಲಕ್ಕೆ ಒಡೆದರೆ ಅದು ಬರೀ ಜೆರಾಕ್ಸಿಗೆ ಸಮ. ಆದ್ದರಿಂದ ಸ್ಕ್ಯಾನ್ ಮಾಡಲು ಒಂದು ಪ್ರತಿಯನ್ನು ತೆರೆದೇ ಪಡೆಯಿರಿ.

ಸ್ಕ್ಯಾನ್ ಎಂದರೆ ಫೋನಿನಲ್ಲಿ ಓರೆಯಾಗಿ ತೆಗೆದ ಫೋಟೊ ಅಲ್ಲ. ಬಣ್ಣದಲ್ಲಿ, 300 ಡಿಪಿಐನಲ್ಲಿ, ಎರಡೂ ಬದಿ ಮಾಡಿಸಿ. ಹಿಂಬದಿಯಲ್ಲೇ ಗ್ರೇಡಿನ ವಿವರಣೆ ಮತ್ತು ಶೇಕಡಾವಾರಿಗೆ ಬದಲಿಸುವ ಸೂತ್ರ ಅಚ್ಚಾಗಿರುತ್ತದೆ, ನೋಡುವವರಿಗೆ ಅದು ಬೇಕು. ಸಿಜಿಪಿಎಯನ್ನು ಅಮೆರಿಕದ 4ರ ಮಾಪನಕ್ಕೆ ನೀವೇ ಬದಲಿಸಬೇಡಿ. ಅರ್ಜಿಯಲ್ಲಿ '10ಕ್ಕೆ 8.2' ಎಂದೇ ತುಂಬಿ. 10ರಿಂದ ಭಾಗಿಸಿ 4ರಿಂದ ಗುಣಿಸಿ ಬರೆದರೆ ನಿಮ್ಮ 8.2 ಅಲ್ಲಿ 3.28 ಆಗಿ ನಿಮಗೇ ನಷ್ಟ.

ಬ್ಯಾಕ್‌ಲಾಗ್ ಇದ್ದರೆ ಮುಚ್ಚಿಡಬೇಡಿ. ಪ್ರತಿ ಪ್ರಯತ್ನದ ತಿಂಗಳೂ ವರ್ಷವೂ ಮಾರ್ಕ್ಸ್ ಕಾರ್ಡಿನಲ್ಲಿರುತ್ತದೆ, ಓದುವವರಿಗೆ ಗೊತ್ತಾಗಿಯೇ ಆಗುತ್ತದೆ. ಮೊದಲ ವರ್ಷದ ಒಂದೆರಡು ಬ್ಯಾಕ್‌ಲಾಗ್‌ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ನೀವು ಮುಂದೆ ಓದಬೇಕೆಂದಿರುವ ವಿಷಯದಲ್ಲೇ ಬಿದ್ದಿದ್ದರೆ ಒಂದು ವಾಕ್ಯದ ಕಾರಣ ಕೊಡಿ.

ಯಾವ ದೇಶಕ್ಕೆ ಯಾವ ಡಿಗ್ರಿ

ನಾಲ್ಕು ವರ್ಷದ ಬಿ.ಇ., ಕೃಷಿ ಪದವಿಯವರಿಗೆ ಎಲ್ಲ ಬಾಗಿಲೂ ತೆರೆದಿದೆ. ಮೂರು ವರ್ಷದ ಬಿ.ಎಸ್‌ಸಿ. ಮಾಡಿದವರು ಅಮೆರಿಕಕ್ಕೆ ಹಣ ಕಟ್ಟುವ ಮೊದಲು ಆ ವಿಭಾಗಕ್ಕೆ ಒಂದು ಇಮೇಲ್ ಬರೆದು ಕೇಳಬೇಕು, ಏಕೆಂದರೆ ಅಲ್ಲಿ ಹಲವು ವಿ.ವಿ.ಗಳಿಗೆ 16 ವರ್ಷದ ಓದು ಬೇಕು. ಕರ್ನಾಟಕದಲ್ಲಿ 2021–22ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು 2024–25ರಿಂದ ಕೈಬಿಟ್ಟಿದ್ದರಿಂದ ಈಗ ಸೇರುವವರದು ಮತ್ತೆ ಮೂರು ವರ್ಷ. ಅಂಥವರಿಗೆ ಇಲ್ಲೇ ಎಂ.ಎಸ್‌ಸಿ. ಮುಗಿಸಿ ನೇರ ಪಿಎಚ್.ಡಿ.ಗೆ ಹೋಗುವ ದಾರಿಯೇ ಎಷ್ಟೋ ವಾಸಿ. ಹೊರದೇಶದ ಎಂ.ಎಸ್.ಗೆ ಸಾಲ ಮಾಡಬೇಕು, ಅಮೆರಿಕದ ವಿಜ್ಞಾನ ವಿಭಾಗಗಳ ಪಿಎಚ್.ಡಿ.ಗೆ ಸಾಮಾನ್ಯವಾಗಿ ಅವರೇ ಶುಲ್ಕ ಬಿಟ್ಟು ಸ್ಟೈಪೆಂಡ್ ಕೊಡುತ್ತಾರೆ. ಬ್ರಿಟನ್ನಿನಲ್ಲಿ ಮೂರು ವರ್ಷದ ಡಿಗ್ರಿಗೆ ತಕರಾರಿಲ್ಲ, ಮಾಸ್ಟರ್ಸ್ ಒಂದೇ ವರ್ಷ.

ಜರ್ಮನಿ ಎಂದರೆ 'ಫೀಸಿಲ್ಲ' ಎಂಬಲ್ಲಿಗೆ ನಮ್ಮವರ ತಿಳಿವಳಿಕೆ ನಿಲ್ಲುತ್ತದೆ. ಸರ್ಕಾರಿ ವಿ.ವಿ.ಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ ನಿಜ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ, ಮ್ಯೂನಿಕ್ ತಾಂತ್ರಿಕ ವಿ.ವಿ.ಯಲ್ಲಿ 2024ರ ಚಳಿಗಾಲದ ಸೆಮಿಸ್ಟರಿನಿಂದ ಶುಲ್ಕ ಬಂದಿದೆ. ಅದಕ್ಕಿಂತ ಮುಖ್ಯವಾದದ್ದು ವಿಷಯದ ಹೊಂದಾಣಿಕೆ. ಗಣಿತಕ್ಕೆ ಇಷ್ಟು, ಪ್ರೋಗ್ರಾಮಿಂಗಿಗೆ ಇಷ್ಟು ಕ್ರೆಡಿಟ್ ಬೇಕು ಎಂದು ಮೊದಲೇ ಬರೆದಿರುತ್ತಾರೆ. ಮೆಕ್ಯಾನಿಕಲ್ ಓದಿ ಡೇಟಾ ಸೈನ್ಸಿಗೆ ಹಾಕಿದವರು 9 ಸಿಜಿಪಿಎ ಇದ್ದೂ ಅಲ್ಲಿ ಬೀಳುತ್ತಾರೆ. ನಿಮ್ಮ ಸ್ಕೀಮಿನ, ಅಂದರೆ ನಿಮ್ಮ ಬ್ಯಾಚಿಗೆ ಅನ್ವಯಿಸುವ ಪಠ್ಯಕ್ರಮದ (2018, 2021, 2022), ಸಿಲಬಸ್ ಪಿಡಿಎಫ್ ವಿಟಿಯು ಜಾಲತಾಣದಲ್ಲಿದೆ. ಬೇರೆ ಸ್ಕೀಮಿನದನ್ನು ಲಗತ್ತಿಸಿದರೆ ಕೋರ್ಸ್ ಕೋಡ್ ಹೊಂದುವುದಿಲ್ಲ.

ಜರ್ಮನಿಯ ವಿ.ವಿ.ಗಳು ನಮ್ಮ ಅಂಕವನ್ನು ತಮ್ಮ ಮಾಪನಕ್ಕೆ ತಿರುಗಿಸುವ ಸೂತ್ರ ಸರಳ: ಗರಿಷ್ಠದಿಂದ ನಿಮ್ಮ ಅಂಕ ಕಳೆಯಿರಿ, ಗರಿಷ್ಠ ಮತ್ತು ಕನಿಷ್ಠ ತೇರ್ಗಡೆಯ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಸಿಜಿಪಿಎ 8.2, ಕನಿಷ್ಠ 4 ಎಂದು ಹಿಡಿದರೆ 1.9 ಬರುತ್ತದೆ, ಕನಿಷ್ಠ 5 ಎಂದು ಹಿಡಿದರೆ ಸುಮಾರು 2.1. ಅಲ್ಲಿ 1 ಅತ್ಯುತ್ತಮ, 4 ಜಸ್ಟ್ ಪಾಸ್. ಕನಿಷ್ಠ ಯಾವುದೆಂದು ತೀರ್ಮಾನಿಸುವವರು ಅವರು. '2.5ರೊಳಗೆ ಇರಬೇಕು' ಎಂಬ ಕೋರ್ಸಿಗೆ 7 ಸಿಜಿಪಿಎಯವರು ಅಂಚಿನಲ್ಲಿ ನಿಂತಿರುತ್ತಾರೆ ಎಂದಷ್ಟೇ ತಿಳಿದರೆ ಸಾಕು.

ಜರ್ಮನಿಗೆ ಇನ್ನೊಂದು ನಿಧಾನದ ಕಾಗದ ಎಪಿಎಸ್ ಪ್ರಮಾಣಪತ್ರ. 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳಿಗೆ ಇದು ಕಡ್ಡಾಯ, ಶುಲ್ಕ 18,000 ರೂಪಾಯಿ. ಡಿಗ್ರಿಯ ಕಾಗದಗಳು ಅಸಲಿಯೇ ಎಂದು ಎಪಿಎಸ್ ಕಚೇರಿಯವರು ಪರಿಶೀಲಿಸಿ ಕೊಡುವ ಪತ್ರ ಇದು, ಬರಲು ವಾರಗಟ್ಟಲೆ ಹಿಡಿಯುತ್ತದೆ. ಹೆಚ್ಚಿನವರು ಸೀಟು ಸಿಕ್ಕಮೇಲೆ ಮಾಡಿಸೋಣ ಎಂದುಕೊಂಡು ಕೆಡುತ್ತಾರೆ, ಎಷ್ಟೋ ವಿ.ವಿ.ಗಳು ಅರ್ಜಿಯ ಜೊತೆಗೇ ಕೇಳುತ್ತವೆ. ಹಲವು ಜರ್ಮನ್ ವಿ.ವಿ.ಗಳ ಪರವಾಗಿ ಅರ್ಜಿ ಪಡೆಯುವ ಊನಿ-ಅಸಿಸ್ಟ್ ಸಂಸ್ಥೆಯ ಮೂಲಕ ಹಾಕುವ ಅರ್ಜಿಗೆ ಮೊದಲನೆಯದಕ್ಕೆ 75 ಯೂರೊ, ಅದೇ ಸೆಮಿಸ್ಟರಿನ ಮುಂದಿನ ಒಂದೊಂದಕ್ಕೂ 30 ಯೂರೊ.

ಪರೀಕ್ಷೆಗಳು

ಜಿಆರ್‌ಇ ಬೇಕೇ ಎಂದು ಮೊದಲು ಕೋರ್ಸಿನ ಪುಟದಲ್ಲಿ ನೋಡಿ, ಈಗ ಬೇಡ ಎನ್ನುವವರು ಬಹಳ. 'ಐಚ್ಛಿಕ' ಎಂದಿದ್ದರೆ ಒಂದು ಲೆಕ್ಕ: ಸಿಜಿಪಿಎ ಕಡಿಮೆ ಇದ್ದು ಗಣಿತ ಭಾಗದಲ್ಲಿ 165 ದಾಟಬಲ್ಲಿರಾದರೆ ಬರೆಯಿರಿ, ಇಲ್ಲವಾದರೆ ಆ ಹಣ ಉಳಿಸಿ. 2023ರ ಸೆಪ್ಟೆಂಬರಿನಿಂದ ಪರೀಕ್ಷೆ 1 ಗಂಟೆ 58 ನಿಮಿಷಕ್ಕೆ ಇಳಿದಿದೆ: 30 ನಿಮಿಷದ ಒಂದು ಪ್ರಬಂಧ, ಭಾಷೆಯ ಎರಡು ಭಾಗ, ಗಣಿತದ ಎರಡು ಭಾಗ. ಹಳೆಯ ನಾಲ್ಕು ಗಂಟೆಯ ಪುಸ್ತಕ ಸೀನಿಯರ್ ಕೈಯಿಂದ ತಂದರೆ ಪದಗಳ ಅಭ್ಯಾಸಕ್ಕೆ ಆದೀತು, ಸಮಯದ ಅಭ್ಯಾಸಕ್ಕೆ ಆಗದು. ಅಂಕ ಐದು ವರ್ಷ ನಡೆಯುತ್ತದೆ. ಪರೀಕ್ಷೆಯ ದಿನ ನಾಲ್ಕು ವಿ.ವಿ.ಗಳಿಗೆ ಪುಕ್ಕಟೆಯಾಗಿ ಕಳಿಸಬಹುದು, ಆ ನಾಲ್ಕು ಹೆಸರು ಮೊದಲೇ ಗೊತ್ತಿರಲಿ. ಮತ್ತೆ ಬರೆಯಲು 21 ದಿನ ಕಾಯಬೇಕು.

ಐಇಎಲ್‌ಟಿಎಸ್‌ನಲ್ಲಿ 'ಅಕಾಡೆಮಿಕ್' ಆರಿಸಿ, 'ಜನರಲ್' ಆರಿಸಿದರೆ ಬರೆದದ್ದು ವ್ಯರ್ಥ. ಮಾಸ್ಟರ್ಸ್‌ಗೆ ಸಾಮಾನ್ಯವಾಗಿ ಒಟ್ಟು 6.5, ಯಾವ ಭಾಗದಲ್ಲೂ 6ಕ್ಕೆ ಕಡಿಮೆ ಇಲ್ಲದಂತೆ ಕೇಳುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಹೆದರುವುದು ಮಾತಿನ ಭಾಗಕ್ಕೆ, ಕಡಿಮೆ ಬೀಳುವುದು ಬರವಣಿಗೆಯ ಭಾಗದಲ್ಲಿ. ಅದಕ್ಕೇ ಹೆಚ್ಚು ದಿನ ಕೊಡಿ. ಇನ್ನೊಂದು ಇಂಗ್ಲಿಷ್ ಪರೀಕ್ಷೆಯಾದ ಟೋಫೆಲ್‌ನ ಅಂಕ 2026ರ ಜನವರಿಯಿಂದ 1ರಿಂದ 6ರ ಮಾಪನಕ್ಕೆ ಬದಲಾಗಿದೆ. ವಿ.ವಿ. ಪುಟದಲ್ಲಿ ಇನ್ನೂ '90' ಎಂದಿದ್ದರೆ ಅದು ಹಳೆಯ 120ರ ಲೆಕ್ಕ. ಎರಡೂ ಪರೀಕ್ಷೆಗಳ ಅಂಕ ಎರಡೇ ವರ್ಷ ಊರ್ಜಿತ.

ಮನೆಯಿಂದಲೇ ಬರೆಯುವ ಜಿಆರ್‌ಇ ಇದೆ. ಆದರೆ ಕರೆಂಟು, ನೆಟ್ ಎರಡೂ ಕೈಕೊಡುವ ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆಯ ಮನೆಗಳಿಂದ ಇದು ಬೇಡವೇ ಬೇಡ. ಬೆಂಗಳೂರಿನ ಕೇಂದ್ರಕ್ಕೆ ಹಿಂದಿನ ದಿನವೇ ಹೋಗಿ ಉಳಿಯಿರಿ. ಬೆಳಗಿನ ಜಾವದ ಬಸ್ಸು ಹಿಡಿದು ನೆಲಮಂಗಲದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೆ ಬದಲಿ ಅವಕಾಶ ಕೊಡುವುದಿಲ್ಲ.

ಶಿಫಾರಸು ಪತ್ರ

ಮೂರು ಪತ್ರ ಬೇಕು ಎಂದರೆ ಕನಿಷ್ಠ ಎರಡು ಪಾಠ ಮಾಡಿದವರಿಂದ ಬರಲಿ. ಪ್ರಾಂಶುಪಾಲರ ಪತ್ರಕ್ಕಿಂತ ಪ್ರಾಜೆಕ್ಟ್ ಗೈಡ್ ಪತ್ರಕ್ಕೆ ತೂಕ ಹೆಚ್ಚು, ಏಕೆಂದರೆ ಪ್ರಾಂಶುಪಾಲರು ನಿಮ್ಮ ಬಗ್ಗೆ ಬರೆಯಲು ಅವರಿಗೆ ಗೊತ್ತಿರುವುದು ನಿಮ್ಮ ಯುಎಸ್‌ಎನ್ (ವಿ.ವಿ. ಕೊಟ್ಟ ನೋಂದಣಿ ಸಂಖ್ಯೆ) ಮಾತ್ರ. ಕೊನೆಯ ದಿನಕ್ಕೆ ಆರು ವಾರ ಮೊದಲೇ ಕೇಳಿ. ನವೆಂಬರ್–ಡಿಸೆಂಬರ್ ಬಂತೆಂದರೆ ಇಂಟರ್ನಲ್ಸ್, ಪ್ರಾಕ್ಟಿಕಲ್ ಪರೀಕ್ಷೆಗಳ ನಡುವೆ ಮೇಷ್ಟ್ರುಗಳಿಗೆ ಉಸಿರಾಡಲೂ ಬಿಡುವಿರುವುದಿಲ್ಲ.

'ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ' ಎನ್ನುವುದು ನಮ್ಮ ಕಾಲೇಜುಗಳಲ್ಲಿ ಮಾಮೂಲು. ಇದಕ್ಕೆ ಒಪ್ಪಬೇಡಿ. ಮೂರು ಪತ್ರವೂ ಒಂದೇ ಇಂಗ್ಲಿಷಿನಲ್ಲಿ, ಒಂದೇ ಕಂಪ್ಯೂಟರಿನಿಂದ ಹೋದರೆ ಸಿಕ್ಕಿಬೀಳುತ್ತದೆ, ಆಗ ಬಾಕಿ ಅರ್ಜಿಯನ್ನು ಯಾರೂ ಓದುವುದಿಲ್ಲ. ಬದಲಿಗೆ ಅವರ ಕೈಗೆ ಒಂದು ಹಾಳೆ ಕೊಡಿ: ಯಾವ ಸೆಮಿಸ್ಟರಿನಲ್ಲಿ ಯಾವ ವಿಷಯ ಕಲಿಸಿದರು, ನಿಮಗೆ ಬಂದ ಗ್ರೇಡ್, ತರಗತಿಯಲ್ಲಿ ಎಷ್ಟು ಜನರಿದ್ದರು, ಪ್ರಾಜೆಕ್ಟಿನ ಹೆಸರು, ನಾಲ್ವರ ತಂಡದಲ್ಲಿ ನಿಮ್ಮದೇ ಆದ ಭಾಗ, ಎಲ್ಲಿ ಕೆಟ್ಟಿತು, ನೀವು ಹೇಗೆ ಸರಿಮಾಡಿದಿರಿ. ಅದರ ಕೆಳಗೆ ವಿ.ವಿ.ಗಳ ಪಟ್ಟಿ ಮತ್ತು ಕೊನೆಯ ದಿನಾಂಕ. ಹಾಳೆ ಕೈಯಲ್ಲಿದ್ದರೆ ಬರೆಯಲು ಅವರಿಗೂ ಅರ್ಧ ಗಂಟೆ ಸಾಕು.

ಪತ್ರ ಹೋಗುವುದು ಅವರ ಇಮೇಲಿಗೆ ಬರುವ ಲಿಂಕ್ ಮೂಲಕ. ಕಾಲೇಜಿನ ಡೊಮೇನ್ ಇರುವ ಇಮೇಲ್ ವಿಳಾಸವನ್ನೇ ಕೊಡಿ, ಜಿಮೇಲ್ ವಿಳಾಸವನ್ನು ಕೆಲವು ಕಡೆ ಒಪ್ಪುವುದಿಲ್ಲ. ಕಾಲೇಜು ಇಮೇಲನ್ನು ತಿಂಗಳಿಗೊಮ್ಮೆ ತೆರೆಯುವವರು ಇರುತ್ತಾರೆ, ಲಿಂಕ್ ಸ್ಪ್ಯಾಮಿಗೆ ಬಿದ್ದಿರುತ್ತದೆ. ಲಿಂಕ್ ಕಳಿಸಿದ ದಿನವೇ ಸ್ಟಾಫ್ ರೂಮಿಗೆ ಹೋಗಿ, 'ಸರ್, ಒಂದ್ಸಲ ಸ್ಪ್ಯಾಮ್ ಫೋಲ್ಡರ್ ನೋಡ್ತೀರಾ' ಎಂದು ಕೇಳುವುದರಲ್ಲಿ ನಾಚಿಕೆ ಇಲ್ಲ. ಅರ್ಜಿಯಲ್ಲಿ 'ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೇನೆ' ಎಂಬ ಆಯ್ಕೆ ಬಂದರೆ ಹೌದು ಎನ್ನಿ. ಇಲ್ಲ ಎಂದರೆ ಪತ್ರದ ಮೇಲಿನ ನಂಬಿಕೆ ಕಡಿಮೆಯಾಗುತ್ತದೆ.

ಎಸ್‌ಒಪಿ

ಉದ್ದೇಶದ ಪತ್ರ, ಎಲ್ಲರೂ ಕರೆಯುವಂತೆ ಎಸ್‌ಒಪಿ, ಸಾಮಾನ್ಯವಾಗಿ 800ರಿಂದ 1,000 ಪದ. 'ಚಿಕ್ಕಂದಿನಿಂದಲೂ ನನಗೆ ಯಂತ್ರಗಳೆಂದರೆ ಪ್ರಾಣ' ಎಂದು ಶುರುವಾಗುವ ಪತ್ರಗಳನ್ನು ಆಯ್ಕೆ ಸಮಿತಿಯವರು ಸಾವಿರಗಟ್ಟಲೆ ಓದಿರುತ್ತಾರೆ. ಅವರಿಗೆ ಬೇಕಾದದ್ದು ಮೂರು: ನೀವು ಕೈಯಾರೆ ಮಾಡಿದ ಕೆಲಸ, ಅದರಿಂದ ಹುಟ್ಟಿದ ಪ್ರಶ್ನೆ, ಆ ಪ್ರಶ್ನೆಗೆ ತಮ್ಮ ವಿಭಾಗವೇ ಏಕೆ ಬೇಕು.

ಒಂದು ಉದಾಹರಣೆ. 'ಕಾಫಿ ತೋಟದ ರೋಗ ಪತ್ತೆಗೆ ಮೆಷಿನ್ ಲರ್ನಿಂಗ್ ಬಳಸಿ 94 ಶೇಕಡಾ ನಿಖರತೆ ಸಾಧಿಸಿದೆವು' ಎಂದು ಬರೆದರೆ ಅದು ಎಲ್ಲರ ಪ್ರಾಜೆಕ್ಟಿನ ಮಾತು. 'ಬಿಳಿ ಕಾಂಡಕೊರಕ ಬಿದ್ದ ಅರೇಬಿಕಾ ಗಿಡಗಳ ಚಿತ್ರಗಳಲ್ಲಿ ಬಿಸಿಲಿನಲ್ಲಿ ತೆಗೆದವನ್ನು ಮಾಡೆಲ್ ಗುರುತಿಸಿತು. ಸಿಲ್ವರ್ ಓಕ್ ನೆರಳಿನಡಿ ತೆಗೆದವುಗಳಲ್ಲಿ ಸೋತಿತು. ಕಾಂಡದ ಮೇಲೆ ಚುಕ್ಕಿಚುಕ್ಕಿಯಾಗಿ ಬೀಳುವ ಬೆಳಕನ್ನು ಅದು ಗಾಯವೆಂದು ತಿಳಿಯುತ್ತಿತ್ತು. ಬೆಳಕು ಬದಲಾದರೂ ಎಡವದ ಮಾಡೆಲ್ ಕಟ್ಟುವುದು ಹೇಗೆ ಎಂಬುದು ನನ್ನ ಪ್ರಶ್ನೆ' ಎಂದರೆ ಓದುವವರು ನಿಲ್ಲುತ್ತಾರೆ. ಸೋತದ್ದನ್ನು ಹೇಳಿದರೆ ಅಂಕ ಹೋಗುತ್ತದೆ ಎಂಬ ಹೆದರಿಕೆ ನಮ್ಮ ಪರೀಕ್ಷಾ ಪದ್ಧತಿಯಿಂದ ಬಂದದ್ದು. ಸಂಶೋಧನೆ ಮಾಡುವವರ ಮುಂದೆ ಅದೇ ನಿಮ್ಮ ಬಂಡವಾಳ.

ವಿ.ವಿ. ಹೆಸರು ಮಾತ್ರ ಬದಲಿಸಿ ಎಂಟು ಕಡೆಗೆ ಒಂದೇ ಪತ್ರ ಕಳಿಸಬೇಡಿ. ಕೊನೆಯ ಎರಡು ಪ್ಯಾರಾವನ್ನು ಪ್ರತಿ ವಿ.ವಿ.ಗೂ ಹೊಸದಾಗಿ ಬರೆಯಿರಿ: ಇಬ್ಬರು ಪ್ರಾಧ್ಯಾಪಕರ ಈಚಿನ ಕೆಲಸ ಓದಿ, ಅದು ನಿಮ್ಮ ಪ್ರಶ್ನೆಗೆ ಎಲ್ಲಿ ತಗಲುತ್ತದೆ ಎಂದು ಎರಡು ಸಾಲು. ಆ ಪ್ರಾಧ್ಯಾಪಕರು ಇನ್ನೂ ಅಲ್ಲೇ ಇದ್ದಾರೆಯೇ ಎಂದೂ ನೋಡಿಕೊಳ್ಳಿ. ಕೆನಡಾದ ಸಂಶೋಧನಾ ಎಂ.ಎಸ್‌ಸಿ. ಮತ್ತು ಎಲ್ಲ ಕಡೆಯ ಪಿಎಚ್.ಡಿ.ಗೆ ಅರ್ಜಿಗೆ ಮುಂಚೆಯೇ ಪ್ರಾಧ್ಯಾಪಕರಿಗೆ ಇಮೇಲ್ ಬರೆಯುವುದು ಒಳ್ಳೆಯದು. ಹತ್ತು ಸಾಲು ಮೀರದಿರಲಿ, 'ರೆಸ್ಪೆಕ್ಟೆಡ್ ಸರ್' ಬೇಡ, ಹೆಸರು ಹಿಡಿದು ಬರೆಯಿರಿ.

ಹಣದ ಕಾಗದ

ಇಲ್ಲೇ ಹೆಚ್ಚು ಅರ್ಜಿಗಳು ಸಿಕ್ಕಿಕೊಳ್ಳುವುದು. ಅಮೆರಿಕದ ವಿ.ವಿ. ಐ-20 (ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಪತ್ರ) ಕೊಡಬೇಕಾದರೆ ಮೊದಲ ವರ್ಷದ ಪೂರ್ತಿ ಖರ್ಚಿಗೆ ಹಣ ತೋರಿಸಬೇಕು, ಅದೂ ಕೈಗೆ ಸಿಗುವ ಹಣ: ಉಳಿತಾಯ ಖಾತೆ, ಎಫ್‌ಡಿ, ಮಂಜೂರಾದ ಸಾಲದ ಪತ್ರ. ಹತ್ತು ಎಕರೆ ತೋಟ, ಒಡವೆ, ಸೈಟಿನ ಬೆಲೆ ಲೆಕ್ಕಕ್ಕೆ ಬರುವುದಿಲ್ಲ. ಜರ್ಮನಿಗೆ ವರ್ಷಕ್ಕೆ 11,904 ಯೂರೊ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು, ತಿಂಗಳಿಗೆ 992ರಂತೆ ನಿಮಗೇ ವಾಪಸ್ ಬರುತ್ತದೆ. ಬ್ರಿಟನ್ನಿಗೆ ಬೇಕಾದ ಮೊತ್ತ 28 ದಿನ ಒಂದು ದಿನವೂ ಕೆಳಗಿಳಿಯದೆ ಖಾತೆಯಲ್ಲಿರಬೇಕು, ಆ ಸ್ಟೇಟ್‌ಮೆಂಟಿನ ಕೊನೆಯ ದಿನ ವೀಸಾ ಅರ್ಜಿಗೆ 31 ದಿನದೊಳಗಿರಬೇಕು. ನಡುವೆ ಒಂದು ದಿನ ಗೊಬ್ಬರದಂಗಡಿಗೆ ಚೆಕ್ ಹೋಗಿ ಮೊತ್ತ ಇಳಿದರೂ ಎಣಿಕೆ ಮತ್ತೆ ಮೊದಲಿಂದ.

ಸಾಲದ ವಿಷಯ. 7.5 ಲಕ್ಷ ದಾಟಿದರೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ಆಯ್ದ ವಿ.ವಿ.ಗಳಿಗೆ ಅಡಮಾನವಿಲ್ಲದ ಸಾಲವೂ ಇದೆ, ಬ್ಯಾಂಕಿನ ಪಟ್ಟಿಯಲ್ಲಿ ನಿಮ್ಮ ವಿ.ವಿ. ಇದೆಯೇ ಕೇಳಿ. ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಬಹುತೇಕ ಬ್ಯಾಂಕುಗಳು ಒಪ್ಪುವುದಿಲ್ಲ. ಪಹಣಿ ಹಿಡಿದು ಹೋದ ಎಷ್ಟೋ ರೈತರು ಅಲ್ಲಿಂದಲೇ ತಿರುಗಿ ಬರುತ್ತಾರೆ. ಬೇಕಾದದ್ದು ಮನೆ, ಫ್ಲ್ಯಾಟ್ ಅಥವಾ ಪರಿವರ್ತನೆಯಾದ ಸೈಟು. ಮನೆ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತು, ಪೇಟೆಯಲ್ಲಿದ್ದರೆ ನಗರಸಭೆ ಅಥವಾ ಪುರಸಭೆಯ ಇ-ಖಾತೆ, ಜೊತೆಗೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಋಣಭಾರ ಪತ್ರ, ಕಂದಾಯ ರಸೀದಿ, ಹಳೆಯ ಕ್ರಯಪತ್ರಗಳ ಸರಪಳಿ, ಕಟ್ಟಡದ ನಕ್ಷೆ. ಸರಪಳಿಯ ಒಂದು ಕೊಂಡಿ ಇಲ್ಲದಿದ್ದರೂ ಬ್ಯಾಂಕಿನ ವಕೀಲರು ಅಭಿಪ್ರಾಯ ಕೊಡುವುದಿಲ್ಲ. ತಾತ ತೀರಿಕೊಂಡು ಪೌತಿ ಖಾತೆ ಆಗಿಲ್ಲದಿದ್ದರೆ, ಅಣ್ಣತಮ್ಮಂದಿರ ವಿಭಾಗಪತ್ರ ನೋಂದಣಿಯಾಗಿಲ್ಲದಿದ್ದರೆ, ಈ ಕೆಲಸ ನಿಮ್ಮ ಆರನೇ ಸೆಮಿಸ್ಟರಿನಲ್ಲೇ ಶುರುವಾಗಬೇಕು. ದೊಡ್ಡಪ್ಪ ಚಿಕ್ಕಪ್ಪಂದಿರ ಸಹಿ ಬೇಕಾದ ಕಡೆ ಅಪ್ಪ ಅಮ್ಮನೇ ಮುಂದೆ ನಿಂತು ಮಾತಾಡಲಿ.

ಬ್ಯಾಂಕು ಪೂರ್ತಿ ಖರ್ಚಿಗೆ ಸಾಲ ಕೊಡುವುದಿಲ್ಲ, ಹೊರದೇಶದ ಓದಿಗೆ ಸಾಮಾನ್ಯವಾಗಿ ಶೇ. 15ರಷ್ಟು ನಿಮ್ಮ ಕೈಯದ್ದು. ಓದುವ ಕಾಲಕ್ಕೆ ಕಂತು ಇಲ್ಲದಿದ್ದರೂ ಬಡ್ಡಿ ಏರುತ್ತಲೇ ಇರುತ್ತದೆ.

ಕಾಫಿ ಬೆಳೆಯುವ ಮನೆಗಳಿಗೆ ಇನ್ನೊಂದು ಪ್ರಶ್ನೆ ಆದಾಯದ ದಾಖಲೆ. ಚೆರ್ರಿಯನ್ನೋ ಪಾರ್ಚ್‌ಮೆಂಟನ್ನೋ ಕ್ಯೂರಿಂಗ್ (ಹೊಟ್ಟು ಬಿಡಿಸಿ ಬೀಜ ಹಸನು ಮಾಡುವುದು) ಮಾಡದೆ ಹಾಗೇ ಮಾರಿದರೆ ಅದು ಕೃಷಿ ಆದಾಯ, ಆದಾಯ ತೆರಿಗೆ ಇಲ್ಲ, ಹಾಗಾಗಿ ಐಟಿ ರಿಟರ್ನ್ಸೂ ಇರುವುದಿಲ್ಲ. ಬೆಳೆದು ತಾವೇ ಕ್ಯೂರಿಂಗ್ ಮಾಡಿಸಿ ಮಾರುವವರ ಆದಾಯದಲ್ಲಿ ಶೇ. 25ರಷ್ಟು ತೆರಿಗೆಗೆ ಬರುತ್ತದೆ. ರಿಟರ್ನ್ಸ್ ಇಲ್ಲದವರು ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ, ಪಹಣಿ, ವ್ಯಾಪಾರಿ ಅಥವಾ ಕ್ಯೂರಿಂಗ್ ವರ್ಕ್ಸ್ ಕೊಟ್ಟ ಮೂರು ವರ್ಷದ ಬಿಲ್ಲುಗಳು, ಅದೇ ಮೊತ್ತ ಜಮೆಯಾದ ಬ್ಯಾಂಕ್ ಪಾಸ್‌ಬುಕ್ ಜೋಡಿಸಬೇಕು. ನಗದು ವ್ಯಾಪಾರಕ್ಕೆ ದಾಖಲೆ ಇಲ್ಲ, ಈ ಸುಗ್ಗಿಯಿಂದಲೇ ಖಾತೆಗೆ ಹಾಕಿಸಿಕೊಳ್ಳಿ. ಕಾಫಿ ಮಾರಿದ ಹಣ ಒಂದೇ ಸಲ ಬರುವುದು ಸಹಜ, ಬಿಲ್ ಜೊತೆಗಿದ್ದರೆ ಯಾರೂ ಅನುಮಾನಿಸುವುದಿಲ್ಲ. ವೀಸಾಕ್ಕೆ ವಾರ ಮೊದಲು ನೆಂಟರಿಂದ ತಂದು ತುಂಬಿದ ಹಣ ಮಾತ್ರ ಕಣ್ಣಿಗೆ ಹೊಡೆಯುತ್ತದೆ.

ಬ್ಯಾಂಕ್ ಸಾಲದಿಂದ ಹೊರದೇಶಕ್ಕೆ ಕಟ್ಟುವ ಶುಲ್ಕಕ್ಕೆ 2025ರ ಏಪ್ರಿಲಿನಿಂದ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕು ಹಿಡಿದುಕೊಳ್ಳುವ ತೆರಿಗೆ) ಇಲ್ಲ. ಸ್ವಂತ ಹಣವಾದರೆ ವರ್ಷಕ್ಕೆ 10 ಲಕ್ಷ ಮೀರಿದ ಭಾಗಕ್ಕೆ ಹಿಡಿಯುತ್ತಾರೆ, ರಿಟರ್ನ್ಸ್ ಹಾಕಿ ವಾಪಸ್ ಪಡೆಯಬಹುದು.

ವಿದ್ಯಾರ್ಥಿವೇತನಗಳಲ್ಲಿ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ: ಕುಟುಂಬದ ಆದಾಯ 8 ಲಕ್ಷದೊಳಗೆ, ಅಂಕ ಶೇ. 60, ವಯಸ್ಸು 35ರೊಳಗೆ. ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನೂ ನೋಡಿ. ಇವಕ್ಕೆ ಜಾತಿ–ಆದಾಯ ಪತ್ರ ಬೇಕು. ಎಲ್ಲ ವರ್ಗದವರಿಗೂ ಇರುವುದು ಜೆ.ಎನ್. ಟಾಟಾ ಎಂಡೋಮೆಂಟ್, 1892ರಿಂದ ನಡೆಯುತ್ತಿದೆ, ಸಾಲ ರೂಪದ ನೆರವು. ಯೂರೋಪಿನ ಎರಾಸ್ಮಸ್ ಮುಂಡಸ್‌ನಲ್ಲಿ ಆಯ್ಕೆಯಾದರೆ ಶುಲ್ಕವೂ ಇಲ್ಲ, ತಿಂಗಳಿಗೆ 1,400 ಯೂರೊ ಸ್ಟೈಪೆಂಡ್. ಅರ್ಜಿ ಹೆಚ್ಚಾಗಿ ಅಕ್ಟೋಬರಿನಿಂದ ಜನವರಿಯೊಳಗೆ ಮುಗಿಯುತ್ತದೆ, ಕೃಷಿ, ಆಹಾರ, ಪರಿಸರ ಓದಿದವರು ಇದನ್ನು ಬಿಡಲೇಬಾರದು.

ಅರ್ಜಿ ಹಾಕುವ ದಿನ

ಅಮೆರಿಕದ ಪಿಎಚ್.ಡಿ.ಗಳ ಕೊನೆಯ ದಿನ ಹೆಚ್ಚಾಗಿ ಡಿಸೆಂಬರ್ 1ರಿಂದ 15, ಮಾಸ್ಟರ್ಸ್‌ನವು ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹರಡಿರುತ್ತವೆ. ಎಂಟು ಅರ್ಜಿ ಸಾಕು: ಎರಡು ಕನಸಿನವು, ನಾಲ್ಕು ನಿಮ್ಮ ಅಂಕಕ್ಕೆ ಹೊಂದುವವು, ಎರಡು ಸಿಕ್ಕೇ ಸಿಗುವವು. ಸಿಕ್ಕಿದರೂ ಹೋಗಲು ಇಷ್ಟವಿಲ್ಲದ ಕಡೆಗೆ ಹಾಕಿ ಹಣ ಕಳೆಯಬೇಡಿ.

ಬೆಂಗಳೂರಿನ 'ಫ್ರೀ ಕನ್ಸಲ್ಟೆನ್ಸಿ'ಗಳ ಬಗ್ಗೆ ಒಂದು ಮಾತು. ನಿಮ್ಮಿಂದ ಹಣ ಪಡೆಯದವರಿಗೆ ವಿ.ವಿ.ಯೇ ಕಮಿಷನ್ ಕೊಡುತ್ತದೆ, ಆದ್ದರಿಂದ ಕಮಿಷನ್ ಕೊಡುವ ವಿ.ವಿ.ಗಳ ಹೆಸರೇ ಅವರ ಪಟ್ಟಿಯಲ್ಲಿರುತ್ತದೆ. ಜರ್ಮನಿಯ ಸರ್ಕಾರಿ ವಿ.ವಿ.ಗಳ ಹೆಸರು ಅವರ ಬಾಯಲ್ಲಿ ಬರದಿರುವುದಕ್ಕೆ ಕಾರಣ ಇದೇ. ಯಾರನ್ನೇ ಹಿಡಿದರೂ ಅರ್ಜಿಯ ಇಮೇಲ್ ಐಡಿ, ಪಾಸ್‌ವರ್ಡ್ ನಿಮ್ಮ ಕೈಯಲ್ಲೇ ಇರಲಿ.

ಶುಲ್ಕ ಕಟ್ಟಲು ಡೆಬಿಟ್ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವ್ಯವಹಾರವನ್ನು ಬ್ಯಾಂಕಿನ ಆ್ಯಪಿನಲ್ಲಿ ನೀವೇ ತೆರೆಯಬೇಕು, ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಬರುತ್ತದೆ. ವಾರ ಮೊದಲೇ ತೆರೆದು, ದಿನದ ಮಿತಿಯನ್ನೂ ನೋಡಿಡಿ.

ಗಡುವಿನ ಗಂಟೆಯನ್ನು ನಮ್ಮ ಸಮಯಕ್ಕೆ ತಿರುಗಿಸಿ ಬರೆದಿಡಿ. ಡಿಸೆಂಬರಿನಲ್ಲಿ ನ್ಯೂಯಾರ್ಕ್ ಸಮಯದ ರಾತ್ರಿ 11:59 ಎಂದರೆ ಇಲ್ಲಿ ಮರುದಿನ ಬೆಳಿಗ್ಗೆ 10:29, ಕ್ಯಾಲಿಫೋರ್ನಿಯಾ ಆದರೆ ಮಧ್ಯಾಹ್ನ 1:29. ಜರ್ಮನಿಯ ಹಲವು ಕೋರ್ಸುಗಳ ಗಡುವು ಜುಲೈ 15, ಅಲ್ಲಿಯ ನಡುರಾತ್ರಿ ಎಂದರೆ ಇಲ್ಲಿ ಬೆಳಗಿನ ಜಾವ ಮೂರೂವರೆ. ಜುಲೈ ನಡುವಿನಲ್ಲಿ ಮಲೆನಾಡಿನ ಸ್ಥಿತಿ ಗೊತ್ತೇ ಇದೆ: ಮರ ಬಿದ್ದು ಲೈನ್ ಹೋದರೆ ಎರಡು ದಿನ ಕರೆಂಟಿಲ್ಲ, ಟವರ್‌ನ ಬ್ಯಾಟರಿ ಮುಗಿದ ಮೇಲೆ ಫೋನೂ ಇಲ್ಲ. ಜೂನ್ ಮುಗಿಯುವುದರೊಳಗೆ ಸಲ್ಲಿಸಿಬಿಡಿ, ಇಲ್ಲವೇ ಆ ವಾರ ಹಾಸನ ಪೇಟೆಗೋ ಚಿಕ್ಕಮಗಳೂರು ಪೇಟೆಗೋ ಬಂದು ಉಳಿಯಿರಿ.

ಸೀಟು ಸಿಕ್ಕ ಮೇಲೆ

ಅಮೆರಿಕದಲ್ಲಿ ಧನಸಹಾಯದ ಆಫರ್ ಬಂದರೆ ಉತ್ತರಿಸಲು ಏಪ್ರಿಲ್ 15ರವರೆಗೆ ಸಮಯ ಇದೆ. ಇದು ಅಲ್ಲಿಯ ವಿ.ವಿ.ಗಳ ನಡುವಿನ ಒಪ್ಪಂದ, ಅದಕ್ಕೆ ಸೇರಿದ ವಿ.ವಿ.ಗಳು ಮುಂಚೆಯೇ ಒತ್ತಾಯಿಸುವಂತಿಲ್ಲ. ಐ-20 ಬಂದಮೇಲೆ ಸೆವಿಸ್ (ಹೊರದೇಶದ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆ) ಶುಲ್ಕ 350 ಡಾಲರ್, ವೀಸಾ ಅರ್ಜಿ ಶುಲ್ಕ 185 ಡಾಲರ್. ಸಂದರ್ಶನಕ್ಕೆ ನಮ್ಮ ಕಡೆಯವರು ಸಾಮಾನ್ಯವಾಗಿ ಚೆನ್ನೈ ಅಥವಾ ಹೈದರಾಬಾದಿಗೆ ಹೋಗುತ್ತಾರೆ. ಸ್ಲಾಟ್ ಸಿಗುವುದೇ ಕಷ್ಟ, ಐ-20 ಬಂದ ದಿನವೇ ಹುಡುಕಲು ಶುರುಮಾಡಿ. 2025ರ ಜೂನಿನಿಂದ ವಿದ್ಯಾರ್ಥಿ ವೀಸಾ ಕೇಳುವವರು ತಮ್ಮ ಸಾಮಾಜಿಕ ಜಾಲತಾಣ ಖಾತೆಗಳನ್ನು ಸಾರ್ವಜನಿಕವಾಗಿ ಇಡಬೇಕೆಂಬ ಸೂಚನೆ ಇದೆ.

'ಖರ್ಚು ಯಾರು ಕೊಡುತ್ತಾರೆ?' ಎಂದಾಗ 'ಅಪ್ಪ ಕೃಷಿಕರು' ಎಂದಷ್ಟೇ ಹೇಳಿ ನಿಲ್ಲಬೇಡಿ. ಎಷ್ಟು ಎಕರೆ, ಅರೇಬಿಕಾವೋ ರೊಬಸ್ಟಾವೋ, 50 ಕೆ.ಜಿ.ಯ ಎಷ್ಟು ಚೀಲ, ಕಳೆದ ವರ್ಷ ಎಷ್ಟಕ್ಕೆ ಮಾರಾಟವಾಯಿತು, ಸಾಲ ಎಷ್ಟು ಮಂಜೂರಾಗಿದೆ: ಎರಡು ವಾಕ್ಯದಲ್ಲಿ ಹೇಳುವುದನ್ನು ಅಪ್ಪನ ಜೊತೆ ಕೂತು ಲೆಕ್ಕ ಹಾಕಿ ಕಲಿತುಹೋಗಿ. ಬ್ರಿಟನ್ನಿಗೆ ಹೋಗುವವರು ಕ್ಷಯ ಪರೀಕ್ಷೆಯ ಪ್ರಮಾಣಪತ್ರ ಪಡೆಯಬೇಕು, ಅದು ಅವರು ಅನುಮೋದಿಸಿದ ಆಸ್ಪತ್ರೆಯದ್ದೇ ಆಗಬೇಕು. ಜಿಲ್ಲಾಸ್ಪತ್ರೆಯ ಎಕ್ಸ್‌ರೇ ನಡೆಯುವುದಿಲ್ಲ.

ಕೊನೆಯ ಸೆಮಿಸ್ಟರ್ ಫಲಿತಾಂಶ ಬರುವ ಮೊದಲೇ ಸಿಕ್ಕ ಸೀಟು ಷರತ್ತಿನದು. ಪಿಡಿಸಿ (ತಾತ್ಕಾಲಿಕ ಪದವಿ ಪ್ರಮಾಣಪತ್ರ) ಮತ್ತು ಎಂಟೂ ಸೆಮಿಸ್ಟರಿನ ಟ್ರಾನ್ಸ್‌ಕ್ರಿಪ್ಟನ್ನು ಅವರು ಹೇಳಿದ ದಿನಾಂಕದೊಳಗೆ ತಲುಪಿಸಬೇಕು, ಇಲ್ಲವಾದರೆ ಮುಂದಿನ ಸೆಮಿಸ್ಟರಿಗೆ ಹೆಸರು ನೋಂದಾಯಿಸಲು ಬಿಡುವುದಿಲ್ಲ. ಫಲಿತಾಂಶ ತಡವಾದರೆ ಕಾಲೇಜಿನಿಂದ ನಿರೀಕ್ಷಿತ ದಿನಾಂಕ ನಮೂದಿಸಿದ ಪತ್ರ ಪಡೆದು ಮೊದಲೇ ಅವರಿಗೆ ಇಮೇಲ್ ಮಾಡಿ. ಘಟಿಕೋತ್ಸವದ ಪ್ರಮಾಣಪತ್ರ ಬರುವ ಹೊತ್ತಿಗೆ ನೀವು ಇಲ್ಲಿರುವುದಿಲ್ಲ. ಹೊರಡುವ ಮುಂಚೆ ಅಪ್ಪ ಅಥವಾ ಅಮ್ಮನ ಹೆಸರಿಗೆ ಅಧಿಕಾರ ಪತ್ರ ಬರೆದು ಸಹಿ ಹಾಕಿ, ಯುಎಸ್‌ಎನ್ ನಮೂದಿಸಿ, ಜೊತೆಗೆ ನಿಮ್ಮ ಗುರುತಿನ ಚೀಟಿಯ ಪ್ರತಿಗಳನ್ನು ಲಗತ್ತಿಸಿ ಎರಡು ಸೆಟ್ ಮನೆಯಲ್ಲಿ ಇಟ್ಟುಹೋಗಿ. ಒಂದು ಕಾಲೇಜಿಗೆ, ಒಂದು ವಿಶ್ವವಿದ್ಯಾಲಯಕ್ಕೆ.